ಪರ್ಸೆಂಟಿಗೂ ಪರ್ಸೆಂಟ್

ಕೊಪ್ಪಳ ಜಿಲ್ಲೆಯಲ್ಲಿ ಈಗ ಅತಿ ಹೆಚ್ಚು ಬೈಸಿಕೊಳ್ಳುತ್ತಿರುವ ಸರ್ಕಾರಿ ನೌಕರ ಸರ್ವರ್. ರೇಷನ್ ಕಾರ್ಡಿನಲ್ಲಿ ಸೊಸೆಯ ಹೆಸರು ಬಿದ್ದಿಲ್ಲವೆ? ಸರ್ವರ್. ಜಾತಿ ಪ್ರಮಾಣಪತ್ರದಲ್ಲಿ ಊರು ಅದಲುಬದಲಾಗಿದೆಯೆ? ಸರ್ವರ್. ಗಂಗಾವತಿಯಲ್ಲಿ ‘ಸರ್ವರ್ ಬಿಜಿ ಐತ್ರಿ’ ಅನ್ನುತ್ತಾರೆ. ಕುಷ್ಟಗಿಯಲ್ಲಿ ‘ಸರ್ವರ್ ಇಲ್ರಿ’ ಎಂದು ಮುಗಿಸುತ್ತಾರೆ. ಯಲಬುರ್ಗಾದಲ್ಲಿ ಒಂದಿಷ್ಟು ಮರ್ಯಾದೆ ಬೆರೆಸಿ ‘ಸರ್ವರ್ ಬರವಲ್ದ್ರೀ ಸರ, ನಾಳಿ ಬರ್ರಿ’ ಎನ್ನುತ್ತಾರೆ. ಒಂದು ಕಾಲದಲ್ಲಿ ‘ಸಾಹೇಬ್ರು ಮೀಟಿಂಗಿನ್ಯಾಗ ಅದಾರ’ ಎಂಬ ಮಾತು ಎಷ್ಟು ಕೆಲಸ ಮಾಡುತ್ತಿತ್ತೋ ಅಷ್ಟನ್ನೂ ಈ ನೌಕರ ಒಬ್ಬನೇ, ರಜೆ ಕೇಳದೆ, ಭತ್ಯೆ ಬೇಡದೆ ಮಾಡುತ್ತಿದ್ದಾನೆ.

ಅವನ ಪರವಾಗಿ ಒಂದು ವಕಾಲತ್ತು ಹಾಕೋಣ. ಸರ್ವರ್ ಎಷ್ಟೋ ಸಲ ಎಚ್ಚರವಾಗಿಯೇ ಇರುತ್ತಾನೆ. ಅವನ ಕೈಗೆ ಬರುವ ಹೊತ್ತಿಗೆ ಅರ್ಜಿಯ ಅರ್ಧ ಹರಿದಿರುತ್ತದೆ. ಹರಿದವನು ಬೇರೆ, ಬೈಸಿಕೊಳ್ಳುವವನು ಬೇರೆ. ಕಚೇರಿ ವ್ಯವಹಾರ ಬಲ್ಲವರಿಗೆ ಇದರಲ್ಲಿ ಹೊಸತೇನೂ ಇಲ್ಲ.

ಬ್ರೌಸರಿನ ನೆತ್ತಿಯ ಮೇಲೆ ಯಾರೂ ಓದದ ಒಂದು ಉದ್ದನೆಯ ಸಾಲು ಇರುತ್ತದಲ್ಲ, ಅದರಲ್ಲಿ ಪೋರ್ಟಲ್ಲಿನ ವಿಳಾಸ ಮುಗಿದ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಅದರ ಆಚೆಗಿರುವುದೆಲ್ಲ ನೀವು ಫಾರಂನಲ್ಲಿ ಹೇಳಿದ ಮಾತು. ?ಜಿಲ್ಲೆ=ಕೊಪ್ಪಳ&ತಾಲ್ಲೂಕು=ಕುಷ್ಟಗಿ&ಭಾಷೆ=ಕನ್ನಡ. ಕಲಮಿನ ಹೆಸರು, ಸಮ ಚಿಹ್ನೆ, ನಿಮ್ಮ ಉತ್ತರ; ಒಂದು ಜೋಡಿ ಮುಗಿದು ಇನ್ನೊಂದು ಶುರುವಾಗುವಲ್ಲಿ ‘&’. ಕಂಪ್ಯೂಟರಿನವರು ಇದನ್ನು ಕ್ವೆರಿ ಪ್ಯಾರಾಮೀಟರ್ ಎಂದು ಕರೆಯುತ್ತಾರೆ. ಇದರಲ್ಲಿ ಯಾವ ಚಿಹ್ನೆ ಎಲ್ಲಿ ಕೂರಬೇಕು, ಯಾವುದನ್ನು ಮರೆಮಾಡಿ ಕಳಿಸಬೇಕು ಎಂಬ ನಿಯಮ 1994ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ 1738 ಎಂಬ ಹೆಸರಿನಲ್ಲಿ ಬಂತು. 2005ರ ಜನವರಿಯಲ್ಲಿ ಅದನ್ನೇ ತಿದ್ದಿ ತೀಡಿ ಆರ್‌ಎಫ್‌ಸಿ 3986 ಮಾಡಿದರು. ಮೊದಲ ನಿಯಮ ಬಂದಾಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು, ಜಿಲ್ಲೆಯಾದದ್ದು 1997ರಲ್ಲಿ. ಅಂದರೆ ನಿಯಮಕ್ಕೆ ಜಿಲ್ಲೆಗಿಂತ ಹೆಚ್ಚು ವಯಸ್ಸು. ಜಿಲ್ಲೆ ಹುಟ್ಟಿ, ಬೆಳೆದು, ತಾಲ್ಲೂಕುಗಳನ್ನು ಹಡೆದರೂ ಪೋರ್ಟಲ್ ಬರೆಯುವವರಿಗೆ ಮಾತ್ರ ಅದನ್ನು ಓದಲು ಪುರುಸೊತ್ತಾಗಿಲ್ಲ.

ಯಾವ ಪೋರ್ಟಲ್ ಎಂದು ಕೇಳಬೇಡಿ. ಒಂದರ ಹೆಸರು ಹೇಳಿದರೆ ಉಳಿದವಕ್ಕೆ ಬೇಜಾರಾದೀತು.

ಮೊದಲು ಹರಿದುಹೋಗುವುದು ಕನ್ನಡ. ಫಾರಂ ತೆರೆದಾಗ ಮೂಲೆಯಲ್ಲಿ ‘ಕನ್ನಡ’ ಎಂಬ ಗುಂಡಿ ಇರುತ್ತದೆ. ಒತ್ತುತ್ತೀರಿ. ಪುಟವೆಲ್ಲ ಕನ್ನಡವಾಗುತ್ತದೆ, ಮುಖ್ಯಮಂತ್ರಿಗಳ ಫೋಟೊ ಕೂಡ ಸ್ವಲ್ಪ ಕನ್ನಡದಲ್ಲಿ ನಕ್ಕಂತೆ ಕಾಣುತ್ತದೆ. ವಿಳಾಸದ ಸಾಲಿನ ಕೊನೆಗೆ ಭಾಷೆ=ಕನ್ನಡ ಎಂದು ಅಂಟಿಕೊಂಡಿರುತ್ತದೆ. ನೀವು ಹೆಸರು ತುಂಬಿ, ಊರು ತುಂಬಿ, ‘ಹುಡುಕಿ’ ಎಂಬುದನ್ನು ಒತ್ತಿದಿರೋ, ಮುಂದಿನ ಪುಟ ಶುದ್ಧ ಇಂಗ್ಲಿಷ್. ಕನ್ನಡದಲ್ಲಿ ಒಳಗೆ ಹೋದವರು ಇಂಗ್ಲಿಷಿನಲ್ಲಿ ಹೊರಗೆ ಬರುತ್ತೀರಿ.

ಇದು ಷಡ್ಯಂತ್ರವಲ್ಲ, ಸೋಮಾರಿತನ. ಫಾರಂ ಕಳಿಸಲು ಗೆಟ್ ಎಂಬ ವಿಧಾನ ಬಳಸಿದರೆ, ಕಳಿಸಬೇಕಾದ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಆಚೆ ಮೊದಲೇ ಏನಿದ್ದರೂ ಬ್ರೌಸರ್ ಅದನ್ನು ಕಿತ್ತೆಸೆದು, ಫಾರಂನ ಕಲಮುಗಳನ್ನು ಮಾತ್ರ ಅಲ್ಲಿ ಕೂರಿಸುತ್ತದೆ. ಎಚ್‌ಟಿಎಂಎಲ್ ನಿಯಮವೇ ಹಾಗಿದೆ, ಗುಟ್ಟೇನಿಲ್ಲ. ಆದ್ದರಿಂದ ಭಾಷೆಯನ್ನು ವಿಳಾಸಕ್ಕೆ ಅಂಟಿಸಿ ಬಿಟ್ಟರೆ ಸಾಲದು. ಕಣ್ಣಿಗೆ ಕಾಣದ ಒಂದು ಕಲಮನ್ನು, ಹಿಡನ್ ಇನ್‌ಪುಟ್ ಎನ್ನುತ್ತಾರೆ, ಫಾರಂ ಒಳಗೇ ಇಡಬೇಕು. ಒಂದು ಸಾಲಿನ ಕೆಲಸ. ಹೊಟ್ಟೆ ತುಂಬ ಮಿರ್ಚಿ ಭಜಿ ತಿಂದು ಕೂತವನೂ ಒಂದು ನಿಮಿಷದಲ್ಲಿ ಬರೆಯಬಹುದಾದ ಸಾಲು. ಆ ಸಾಲು ಇಲ್ಲದ ಕಾರಣ ಒಂದು ರಾಜ್ಯದ ಅಧಿಕೃತ ಭಾಷೆ ಒಂದು ಕ್ಲಿಕ್ಕಿಗೆ ಉದುರಿಹೋಗುತ್ತದೆ.

ಅದೂ ಯಾವ ಊರಿನವರ ಕೈಯಲ್ಲಿ? ಕನ್ನಡದ ತಿರುಳು ಯಾವ ನಾಡಿನಲ್ಲಿದೆ ಎಂದು ಒಂಬತ್ತನೇ ಶತಮಾನದ ಕವಿರಾಜಮಾರ್ಗ ಗಡಿ ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಉಳಿದವು ಕಿಸುವೊಳಲು, ಪುಲಿಗೆರೆ, ಒಕ್ಕುಂದ. ಆ ಕೊಪಣವೇ ಈ ಕೊಪ್ಪಳ. ಕವಿರಾಜಮಾರ್ಗಕಾರ ಶ್ರೀವಿಜಯನಿಗೆ ಗಡಿ ಹಾಕಲು ನಾಲ್ಕು ಊರು ಸಾಕಾದವು. ನಮ್ಮ ತಂತ್ರಾಂಶದವರಿಗೆ ಆ ಗಡಿಯೊಳಗೆ ಕನ್ನಡವನ್ನು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ದಾಟಿಸಲು ಆಗುತ್ತಿಲ್ಲ. ಅಂಗಡಿ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕು ಎಂದು 2024ರಲ್ಲಿ ಕಾಯ್ದೆ ತಿದ್ದಿದ್ದಾರೆ. ಗಂಗಾವತಿಯ ಬಳೆ ಅಂಗಡಿಯವನು ಟೇಪು ಹಿಡಿದು ಬೋರ್ಡು ಅಳೆಯುತ್ತಿದ್ದಾನೆ. ಪೋರ್ಟಲ್ಲಿಗೆ ಟೇಪು ಹಿಡಿಯುವವರು ಕಾಣುತ್ತಿಲ್ಲ.

ಇದೇ ರೋಗದ ಇನ್ನೊಂದು ಲಕ್ಷಣವನ್ನು ಫಲಾನುಭವಿಗಳ ಪಟ್ಟಿಯಲ್ಲಿ ನೋಡಬಹುದು. ಜಿಲ್ಲೆ ಆರಿಸಿ, ತಾಲ್ಲೂಕು ಆರಿಸಿ, ಗ್ರಾಮ ಆರಿಸಿದರೆ ಮೊದಲ ಪುಟದಲ್ಲಿ ನಿಮ್ಮ ಊರಿನವರೇ ಸಾಲಾಗಿ ನಿಂತಿರುತ್ತಾರೆ. ಕೆಳಗೆ ‘2’ ಎಂದು ಇರುವುದನ್ನು ಒತ್ತಿ ನೋಡಿ. ಬೀದರಿನವರು ಬರುತ್ತಾರೆ. ಪುಟ=2 ಎಂಬುದನ್ನು ಬರೆದ ಪುಣ್ಯಾತ್ಮ ಹಿಂದಿನ ಜಿಲ್ಲೆ, ತಾಲ್ಲೂಕು, ಗ್ರಾಮ ಮೂರನ್ನೂ ಅಲ್ಲೇ ಬಿಟ್ಟಿದ್ದಾನೆ. ತಾವರಗೇರಾದ ಅಜ್ಜ ಒಬ್ಬ ತನ್ನ ಹೆಸರು ಹುಡುಕುತ್ತಾ ಹೋಗಿ ಇಡೀ ಕಲ್ಯಾಣ ಕರ್ನಾಟಕದ ಪರಿಚಯ ಮಾಡಿಕೊಂಡು ಬಂದರೆ ಅದನ್ನು ರಾಷ್ಟ್ರೀಯ ಭಾವೈಕ್ಯದ ಲೆಕ್ಕಕ್ಕೆ ಬರೆದುಕೊಳ್ಳಬಹುದು.

ಇನ್ನು ಪರ್ಸೆಂಟಿನ ವಿಚಾರ. ಕರ್ನಾಟಕದಲ್ಲಿ ಕಮಿಷನ್ನಿನ ಪರ್ಸೆಂಟ್ ಇಲ್ಲದೆ ಯಾವುದೂ ಮುಂದಕ್ಕೆ ಹೋಗುವುದಿಲ್ಲ ಎಂದು ಗುತ್ತಿಗೆದಾರರ ಸಂಘ ಪ್ರಧಾನಿಗೇ ಪತ್ರ ಬರೆದು ‘40’ ಎಂಬ ಅಂಕಿಯನ್ನು ಚುನಾವಣೆಯ ಗೋಡೆಗೆ ಏರಿಸಿದ್ದು ನೆನಪಿರಬಹುದು. ಪಾಪ, ಅವರಿಗೆ ಅಂತರ್ಜಾಲದ ರೇಟು ಗೊತ್ತಿರಲಿಲ್ಲ. ವಿಳಾಸದ ಸಾಲಿನಲ್ಲಿ ಇಂಗ್ಲಿಷ್ ಅಕ್ಷರ ಬಿಟ್ಟಿ ಸಾಗುತ್ತದೆ. ಕನ್ನಡದ್ದು ಹಾಗಲ್ಲ. ಯೂನಿಕೋಡಿನ ಒಂದೊಂದು ಕನ್ನಡ ಚಿಹ್ನೆಗೂ ಮೂರು ಬೈಟು, ಒಂದೊಂದು ಬೈಟಿಗೂ ಒಂದು ಪರ್ಸೆಂಟ್ ಮತ್ತು ಎರಡು ಅಂಕಿ ಅಥವಾ ಇಂಗ್ಲಿಷ್ ಅಕ್ಷರ. ಬರೀ ‘ಕ’ ಎಂದರೆ ಅಲ್ಲಿ %ಇ0%ಬಿ2%95. ಕೊಪ್ಪಳ ಎಂದು ಬರೆದರೆ ಕ, ಒ-ಕಾರ, ಪ, ವಿರಾಮ, ಪ, ಳ ಎಂದು ಆರು ಚಿಹ್ನೆ, 18 ಪರ್ಸೆಂಟ್. ಗಂಗಾವತಿಗೂ ಕುಷ್ಟಗಿಗೂ ತಲಾ 21. ಯಲಬುರ್ಗಾಕ್ಕೆ 24, ತಾಲ್ಲೂಕು ಬಡವಾದಷ್ಟೂ ಪರ್ಸೆಂಟ್ ಜಾಸ್ತಿ. ಇಷ್ಟು ಮಾತ್ರ ನ್ಯಾಯವಾದ ಸಾಗಾಣಿಕೆ. ಆಚೆ ತುದಿಯಲ್ಲಿ ಸರ್ವರ್ ಅದನ್ನೆಲ್ಲ ಬಿಚ್ಚಿ ಮತ್ತೆ ಕೊಪ್ಪಳವೆಂದೇ ಓದಿಕೊಳ್ಳುತ್ತಾನೆ. ತಕರಾರಿಲ್ಲ.

ತಕರಾರು ಶುರುವಾಗುವುದು ಉಪಗುತ್ತಿಗೆಯಲ್ಲಿ. ಬ್ರೌಸರ್ ತಾನಾಗಿ ಕಟ್ಟಿಕೊಟ್ಟ ಗಂಟನ್ನು ನಡುವೆ ಇನ್ನೊಬ್ಬ ಬುದ್ಧಿವಂತ ಮತ್ತೊಮ್ಮೆ ಕಟ್ಟುತ್ತಾನೆ. ಪರ್ಸೆಂಟ್ ಚಿಹ್ನೆಯನ್ನೇ ಕಟ್ಟಿದರೆ ಅದರ ಸಂಕೇತ ಏನಾಗುತ್ತದೆ ಗೊತ್ತೆ? %25. ನಾನು ಹುಟ್ಟಿಸಿದ ಅಂಕಿಯಲ್ಲ, ಜಗತ್ತೇ ಒಪ್ಪಿದ ರೇಟು. ಪರ್ಸೆಂಟಿಗೇ 25 ಪರ್ಸೆಂಟ್! ಹೀಗೆ 54 ಅಕ್ಷರದಲ್ಲಿ ಹೊರಟ ಕೊಪ್ಪಳ 90 ಅಕ್ಷರದ್ದಾಗುತ್ತದೆ. ಆಚೆ ತುದಿಯವನು ಒಂದು ಗಂಟು ಬಿಚ್ಚಿ ಕೈತೊಳೆದುಕೊಳ್ಳುತ್ತಾನೆ. ಪ್ರಮಾಣಪತ್ರ ಛಾಪಾಗಿ ಬಂದಾಗ ಊರಿನ ಜಾಗದಲ್ಲಿ 18 ಪರ್ಸೆಂಟುಗಳು ಸಾಲುಗಟ್ಟಿ ನಿಂತಿರುತ್ತವೆ. ‘ಇದೇನ್ರಿ ಇಷ್ಟೊಂದ್ ಪರ್ಸೆಂಟೇಜು, ನಮ್ಮ ಹುಡುಗ ಪಾಸಾಗ್ಯಾನೇನು?’ ಎಂದು ಒಬ್ಬ ತಾಯಿ ಕೇಳಿದರೆ ನಗಬೇಡಿ. ಆ ಹಾಳೆಯನ್ನು ಕಂಡ ಮೇಲೆ ಆಕೆ ಕೇಳಬಹುದಾದ ಅತ್ಯಂತ ವಿವೇಕದ ಪ್ರಶ್ನೆ ಅದೇ.

ಕೊಪ್ಪಳದ ದುರದೃಷ್ಟ ಇಲ್ಲಿಗೆ ಮುಗಿಯುವುದಿಲ್ಲ. ‘ಕೊ’ದಲ್ಲಿರುವ ಒ-ಕಾರವನ್ನು ಯೂನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು: ಒಂದೇ ಚಿಹ್ನೆಯಾಗಿ, ಅಥವಾ ಎ-ಕಾರಕ್ಕೆ ಊ-ಕಾರದ ಬಾಲ ಜೋಡಿಸಿ ಎರಡಾಗಿ. ಕಣ್ಣಿಗೆ ಎರಡೂ ಒಂದೇ, ಕೂದಲೆಳೆಯ ವ್ಯತ್ಯಾಸವಿಲ್ಲ. ಯಂತ್ರಕ್ಕೆ ಮಾತ್ರ ಒಂದು ಕೊಪ್ಪಳಕ್ಕೆ ಆರು ಚಿಹ್ನೆ, ಇನ್ನೊಂದಕ್ಕೆ ಏಳು. ಅಂದಮೇಲೆ ಊರು ಎರಡು. ಇಂಥ ಜೋಡಿಗಳನ್ನು ಹೋಲಿಸುವ ಮೊದಲು ಒಂದೇ ರೂಪಕ್ಕೆ ತರಬೇಕು ಎಂದು ಯೂನಿಕೋಡಿನವರೇ ವಿಧಾನ ಕೊಟ್ಟಿದ್ದಾರೆ. ನಾರ್ಮಲೈಸೇಶನ್ ಎಂದು ಅದರ ಹೆಸರು, ಅದಕ್ಕೂ ಒಂದೇ ಸಾಲು ಸಾಕು. ಆ ಸಾಲನ್ನು ಬರೆಯದ ಪೋರ್ಟಲ್ ‘ನೀವು ನಮೂದಿಸಿದ ಜಿಲ್ಲೆ ಕಂಡುಬಂದಿಲ್ಲ’ ಎಂದು ಕೆಂಪಕ್ಷರದಲ್ಲಿ ಘೋಷಿಸುತ್ತದೆ. ಅಶೋಕನ ಕಡೆಯವರು ಎರಡು ಸಾವಿರ ವರ್ಷಗಳಿಗೂ ಹಿಂದೆ ಅವನ ಆಜ್ಞೆ ಹೊತ್ತು, ನಕಾಶೆಯಿಲ್ಲದೆ ಈ ಊರು ಹುಡುಕಿ ಬಂದು ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಬಂಡೆಯ ಮೇಲೆ ಕೆತ್ತಿ ಹೋದರು. ಅವರಿಗೆ ಜಿಲ್ಲೆ ಕಂಡುಬಂದಿತ್ತು. ಬಂಡೆಯ ಮೇಲಿನ ಆ ಅರ್ಜಿ ಇವತ್ತಿಗೂ ‘ಸೆಷನ್ ಎಕ್ಸ್‌ಪೈರ್ಡ್’ ಎಂದಿಲ್ಲ.

ಕನ್ನಡ ಬಿಡಿ, ಇಂಗ್ಲಿಷಿನಲ್ಲೇ ತುಂಬುತ್ತೇನೆ ಎಂದು ಹೊರಟವರಿಗೂ ಬಿಡುಗಡೆಯಿಲ್ಲ. ಕರ್ನಾಟಕದವರಿಗೆ ಒಂದು ಚಟ ಇದೆ: ಮನೆ ನಂಬರಿಗೂ ಮೊದಲು ಒಂದು ‘#’ ಹಾಕುವುದು. ಹ್ಯಾಶ್ ಇಲ್ಲದ ಮನೆಗೆ ಹೆಣ್ಣು ಕೊಡುವುದಿಲ್ಲವೇನೋ ಎಂಬಷ್ಟು ಶ್ರದ್ಧೆಯಿಂದ ಹಾಕುತ್ತೇವೆ. ವಿಳಾಸದ ಸಾಲಿನಲ್ಲಿ ಈ ಹ್ಯಾಶ್ ಬಂತೋ, ಅಲ್ಲಿಂದ ಮುಂದಿನದನ್ನು ಬ್ರೌಸರ್ ಸರ್ವರಿಗೆ ಕಳಿಸುವುದೇ ಇಲ್ಲ. ಪುಟದೊಳಗೆ ಎಲ್ಲಿಗೆ ಜಾರಬೇಕು ಎಂಬ ಖಾಸಗಿ ಟಿಪ್ಪಣಿ ಅದು ಎಂದು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಹೀಗಾಗಿ ಮನೆ ನಂಬರ್, ಓಣಿ, ಪಿನ್‌ಕೋಡ್, ಮೊಬೈಲ್ ಸಂಖ್ಯೆ, ಅದರ ಹಿಂದೆ ಸಾಲಾಗಿ ನಿಂತಿದ್ದ ಸಕಲವೂ ಅಲ್ಲೇ ಉಳಿದು, ಸರ್ವರಿನ ಕಣ್ಣಿಗೆ ನೀವು ಹೆಸರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತ್ಯಜಿಸಿದ ವಿರಕ್ತರಾಗಿ ಕಾಣುತ್ತೀರಿ. ‘ವಿಳಾಸ ಅಪೂರ್ಣ, ಅರ್ಜಿ ತಿರಸ್ಕೃತ.’

ಕೂಡಿಸುವ ಚಿಹ್ನೆಯ ಕತೆ ಚಿಕ್ಕದು. ವಿಳಾಸದ ಸಾಲಿನಲ್ಲಿ ‘+’ ಎಂದರೆ ಖಾಲಿ ಜಾಗ. ರಕ್ತದ ಗುಂಪು ‘ಓ+’ ಎಂದು ಕೊಟ್ಟವನದು ಆಚೆ ತುದಿಯಲ್ಲಿ ಬರೀ ‘ಓ’ ಆಗುತ್ತದೆ. ‘ಓ-’ ಇದ್ದವನದು ಮಾತ್ರ ಹಾಗೇ ಉಳಿಯುತ್ತದೆ. ಇದ್ದದ್ದನ್ನು ಕಳೆದುಕೊಳ್ಳುವವನು ಯಾವಾಗಲೂ ಪಾಸಿಟಿವ್ ಆಗಿದ್ದವನೇ ಎಂಬ ತತ್ತ್ವವನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ಯಾವ ಮಠವೂ ಕಲಿಸಲಾರದು.

‘&’ ಇದೆಯಲ್ಲ, ಅದಂತೂ ಮನೆ ಒಡೆಯುವ ಚಿಹ್ನೆ. ಗಂಗಾವತಿ ಎಂದರೆ ಭತ್ತ, ಭತ್ತ ಎಂದರೆ ರೈಸ್ ಮಿಲ್ಲು, ಮಿಲ್ಲು ಮತ್ತು ದಲ್ಲಾಳಿ ಅಂಗಡಿ ಎಂದರೆ ಬೋರ್ಡಿನ ಮೇಲೆ ಯಜಮಾನನ ಹೆಸರು, ಆಮೇಲೆ ‘& ಸನ್ಸ್’. ಯಾವುದೋ ಲೈಸೆನ್ಸ್ ನವೀಕರಣಕ್ಕೆ ಹೋದಾಗ ಪ್ರೋಗ್ರಾಮು ಬರೆದವನು ಹೆಸರನ್ನು ಕಟ್ಟದೆ ಹಾಗೇ ವಿಳಾಸಕ್ಕೆ ಜೋಡಿಸಿದ್ದರೆ, ಸರ್ವರ್ ‘&’ ಕಂಡಲ್ಲಿ ಆ ಕಲಂ ಮುಗಿಯಿತು ಎಂದುಕೊಳ್ಳುತ್ತಾನೆ. ಅಪ್ಪ ಒಂದು ಕಲಮಿನಲ್ಲಿ ಉಳಿದ. ಮಕ್ಕಳು ಉತ್ತರವಿಲ್ಲದ ಬೇರೊಂದು ಕಲಮಾಗಿ ಬೀದಿಗೆ ಬಿದ್ದರು. ತಹಶೀಲ್ದಾರ್ ಕಚೇರಿಯಲ್ಲಿ ಚಪ್ಪಲಿ ಸವೆದರೂ ಮುಗಿಯದ ಆಸ್ತಿಯ ವಾಟ್ನಿ ಇಲ್ಲಿ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯಿತು. ಅಣ್ಣತಮ್ಮಂದಿರ ಜಗಳವಿಲ್ಲ, ವಕೀಲರ ಫೀ ಇಲ್ಲ. ಕಾಗದ ಕೈಗೆ ಬಂದ ದಿನ ಅಪ್ಪನೊಬ್ಬನೇ ಮಾಲೀಕ ಎಂದು ಓದಿ ಮಕ್ಕಳು ಅಪ್ಪನ ಮುಖ ನೋಡುವ ರೀತಿಯೇ ಬೇರೆಯಾಗುತ್ತದೆ.

ಇವೆಲ್ಲಕ್ಕೂ ಮದ್ದು ಬಹಳ ಹಿಂದೆಯೇ ಸಿದ್ಧವಾಗಿದೆ. ಬ್ರೌಸರಿಗೆ ಬಿಟ್ಟರೆ ಫಾರಂ ಕಳಿಸುವಾಗ ಅದು ಹ್ಯಾಶ್, ಪ್ಲಸ್ಸು, ಆ್ಯಂಪರ್ಸೆಂಡುಗಳನ್ನೆಲ್ಲ ತಾನೇ ಸರಿಯಾಗಿ ಮರೆಮಾಡಿ ಕಳಿಸುತ್ತದೆ. ಸ್ವತಃ ವಿಳಾಸ ಕಟ್ಟಬೇಕಾದವರಿಗೆ ಜಾವಾಸ್ಕ್ರಿಪ್ಟಿನಲ್ಲಿ ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಎಂಬ ಸಲಕರಣೆ 1999ರಿಂದ ಬಿಟ್ಟಿ ಬಿದ್ದಿದೆ. ಆಮೇಲೆ ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್ ಎಂಬ ಇನ್ನೂ ಸುಲಭದ್ದು ಬಂತು. ಆದರೂ ನಮ್ಮವರು ಉದ್ಧರಣ ಚಿಹ್ನೆಯೊಳಗೆ ಒಂದು ತುಂಡು, ಅದಕ್ಕೊಂದು ಪ್ಲಸ್ಸು, ಇನ್ನೊಂದು ತುಂಡು ಎಂದು ಕೈಯಾರೆ ಹೊಲಿಯುತ್ತಾರೆ. ಪರೀಕ್ಷೆ ಮಾಡುವಾಗ ಹಾಕುವ ಹೆಸರು ‘ಟೆಸ್ಟ್’, ತಂದೆಯ ಹೆಸರು ‘ಟೆಸ್ಟ್’, ಊರು ‘ಎಬಿಸಿಡಿ’. ಟೆಸ್ಟ್ ಎಂಬ ಈ ಮಹಾನುಭಾವನ ಕೆಲಸ ಎಲ್ಲ ಪೋರ್ಟಲ್ಲುಗಳಲ್ಲೂ ಒಂದೇ ಸಲಕ್ಕೆ ಆಗುತ್ತದೆ. ಅವನ ಮನೆ ನಂಬರಿಗೆ ಹ್ಯಾಶ್ ಇಲ್ಲ, ಮಕ್ಕಳಿಲ್ಲ, ರಕ್ತವಂತೂ ಇಲ್ಲವೇ ಇಲ್ಲ. ರಾಜ್ಯದ ಏಕೈಕ ತೃಪ್ತ ಪ್ರಜೆ.

ಈಗ ತಾಲ್ಲೂಕಿಗೆ ಬರೋಣ. 2018ರ ಸುಮಾರಿಗೆ ಗಂಗಾವತಿಯಿಂದ ಕಾರಟಗಿ ಮತ್ತು ಕನಕಗಿರಿ, ಯಲಬುರ್ಗಾದಿಂದ ಕುಕನೂರು ಬೇರೆ ತಾಲ್ಲೂಕುಗಳಾದವು. ಮೆರವಣಿಗೆಯಾಯಿತು, ಪಟಾಕಿ ಹೊಡೆದರು, ತಹಶೀಲ್ದಾರರೂ ಬಂದರು. ಪೋರ್ಟಲ್ಲಿನ ಪಟ್ಟಿಗೆ ಆಹ್ವಾನ ಪತ್ರಿಕೆ ಹೋಗಿರಲಿಲ್ಲವೋ ಏನೋ. ಇಟಗಿಯವನೊಬ್ಬ ಅರ್ಜಿ ಹಾಕುತ್ತಾನೆ ಎಂದಿಟ್ಟುಕೊಳ್ಳಿ. ಅವನ ಊರಿನಲ್ಲಿ ಮಹಾದೇವ ದೇವಾಲಯವಿದೆ, ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು, ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆಯುತ್ತದೆ. ಚಕ್ರವರ್ತಿ ಕೂತ ಜಾಗ ಬಿಟ್ಟು ಕದಲಿಲ್ಲ. ಆದರೆ ಹಳೆಯ ಪುಸ್ತಕದಲ್ಲಿ ಅವನು ಯಲಬುರ್ಗಾ ತಾಲ್ಲೂಕಿನವನು, ಹೊಸ ಬೋರ್ಡಿನಲ್ಲಿ ಕುಕನೂರಿನವನು, ಪೋರ್ಟಲ್ಲಿನಲ್ಲಿ ಯಾವ ತಾಲ್ಲೂಕಿನವನೆಂಬುದು ಆ ದಿನ ಯಾವ ಪುಟ ತೆರೆದಿರಿ ಎಂಬುದರ ಮೇಲೆ ನಿಂತಿದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಒಂದು ಕಡೆ ಹಳೆಯ ತಾಲ್ಲೂಕು, ಇನ್ನೊಂದು ಕಡೆ ಹೊಸದು, ಎರಡೂ ವಿಳಾಸಕ್ಕೆ ಅಂಟಿಕೊಂಡು ತಾಲ್ಲೂಕು=ಯಲಬುರ್ಗಾ&ತಾಲ್ಲೂಕು=ಕುಕನೂರು ಎಂದಾದರೆ ಯಾವುದು ಊರ್ಜಿತ? ನಿಯಮ ಮೌನ. ಪಿಎಚ್‌ಪಿಯಲ್ಲಿ ಬರೆದ ಪೋರ್ಟಲ್ ಕೊನೆಯದನ್ನು ಹಿಡಿಯುತ್ತದೆ. ಟಾಮ್‌ಕ್ಯಾಟ್ ಮೇಲೆ ಓಡುವ ಜಾವಾ ಪೋರ್ಟಲ್ ಮೊದಲನೆಯದನ್ನು. ಎಎಸ್‌ಪಿ ಡಾಟ್ ನೆಟ್‌ನದು ಎರಡನ್ನೂ ನಡುವೆ ಒಂದು ಅಲ್ಪವಿರಾಮ ಹಾಕಿ ಒಟ್ಟಿಗೆ ಎತ್ತಿಕೊಳ್ಳುತ್ತದೆ. ಒಬ್ಬ ಪ್ರಜೆ ಒಂದೇ ಮುಂಜಾನೆ ಮೂರು ಇಲಾಖೆಗಳಲ್ಲಿ ಮೂರು ತಾಲ್ಲೂಕಿನವನಾಗಿ, ಮೂರನೆಯದರಲ್ಲಿ ‘ಯಲಬುರ್ಗಾ,ಕುಕನೂರು’ ಎಂಬ ಭೂಪಟದಲ್ಲಿಲ್ಲದ ಜೋಡಿ ತಾಲ್ಲೂಕಿನ ಖಾಯಂ ನಿವಾಸಿಯಾಗಬಹುದು. ಇದನ್ನೇ ಆಯುಧ ಮಾಡಿಕೊಂಡು ಪೋರ್ಟಲ್ಲಿನ ಕಣ್ಣಿಗೆ ಮಣ್ಣೆರಚಬಹುದು ಎಂದು 2009ರಲ್ಲೇ ಸಂಶೋಧಕರು ತೋರಿಸಿ, ‘ಪ್ಯಾರಾಮೀಟರ್ ಪೊಲ್ಯೂಷನ್’ ಎಂದು ಹೆಸರಿಟ್ಟರು. ನಮ್ಮಲ್ಲಿ ಅದಕ್ಕೆ ದುರುದ್ದೇಶ ಬೇಕಿಲ್ಲ, ತಾಲ್ಲೂಕು ವಿಭಜನೆ ಸಾಕು.

ಉತ್ತರವೇ ಇಲ್ಲದಿದ್ದರೆ ಇನ್ನೂ ಚೆಂದ. ಕಲಮೇ ಬಾರದಿರುವುದು ಬೇರೆ, ಕಲಂ ಬಂದು ಉತ್ತರ ಖಾಲಿ ಇರುವುದು ಬೇರೆ. ಮದುವೆಯೇ ಆಗಿಲ್ಲ ಎನ್ನುವುದಕ್ಕೂ ಹೆಂಡತಿಯ ಹೆಸರು ಹೇಳುವುದಿಲ್ಲ ಎನ್ನುವುದಕ್ಕೂ ಇರುವಷ್ಟು ದೂರ. ಎರಡನ್ನೂ ಒಂದೇ ಮಾಡಿಕೊಂಡ ಪೋರ್ಟಲ್ ತಬ್ಬಿಬ್ಬಾಗಿ ‘ಅನ್‌ಡಿಫೈನ್ಡ್’ ಎಂದು ಬರೆಯುತ್ತದೆ, ಇಲ್ಲವೇ ಪಟ್ಟಿಯಲ್ಲಿ ಮೊದಲಿರುವುದನ್ನು ಸದ್ದಿಲ್ಲದೆ ಎತ್ತಿ ಅಂಟಿಸುತ್ತದೆ. ಇಂಗ್ಲಿಷ್ ಅಕಾರಾದಿಯಲ್ಲಿ ನಮ್ಮ ಜಿಲ್ಲೆಯ ಮೊದಲ ತಾಲ್ಲೂಕು ಗಂಗಾವತಿ. ಕಾಗದದ ಮೇಲೆ ಗಂಗಾವತಿಗೆ ನಡೆದಿರುವ ವಲಸೆಯನ್ನು ಯಾರಾದರೂ ಲೆಕ್ಕ ಹಾಕಿದರೆ ಆ ಊರಿಗೆ ಮಹಾನಗರ ಪಾಲಿಕೆ ಕೊಡಬೇಕಾದೀತು.

ಇಷ್ಟು ಹೊತ್ತು ಹೇಳಿದ್ದು ಅರ್ಜಿ ಹರಿಯುವ ಕತೆ. ಹರಿಯದೆ ಪೂರ್ತಿ ತಲುಪುವ ಅರ್ಜಿಯ ಕತೆ ಇನ್ನೂ ಭಯಾನಕ.

ಫಾರಂ ಕಳಿಸಲು ಎರಡು ದಾರಿ. ಗೆಟ್‌ನಲ್ಲಿ ಎಲ್ಲವೂ ವಿಳಾಸದ ಸಾಲಿನಲ್ಲಿ ಬಟಾಬಯಲು. ಪೋಸ್ಟ್‌ನಲ್ಲಿ ಮಾತು ಒಳಗೆ ಹೋಗುತ್ತದೆ, ಸಾಲಿನಲ್ಲಿ ಕಾಣುವುದಿಲ್ಲ. ಹುಡುಕಾಟಕ್ಕೆ ಮೊದಲನೆಯದು, ಗುಟ್ಟಿನ ಮಾಹಿತಿಗೆ ಎರಡನೆಯದು. ಮಕ್ಕಳಿಗೂ ಅರ್ಥವಾಗುವ ವಿಭಾಗ. ನಮ್ಮಲ್ಲಿ ಇದನ್ನು ಬಹಳ ಯೋಚಿಸಿ ತಿರುವುಮುರುವು ಮಾಡಿದ್ದಾರೆ. ಕೊಪ್ಪಳದ ಎಪಿಎಂಸಿ ದರ ಹುಡುಕಿ, ಆ ಲಿಂಕನ್ನು ಗೆಳೆಯನಿಗೆ ಕಳಿಸಿದರೆ ಅವನಿಗೆ ಖಾಲಿ ಪುಟ ತೆರೆಯುತ್ತದೆ. ಏಕೆಂದರೆ ಅದು ಪೋಸ್ಟ್‌ನಲ್ಲಿ ಹೋಗಿದೆ. ಆಧಾರ್ ಸಂಖ್ಯೆ, ಜನ್ಮದಿನಾಂಕ, ಮೊಬೈಲ್ ಮಾತ್ರ ಗೆಟ್‌ನಲ್ಲಿ ಹೋಗಿ ಕಂಪ್ಯೂಟರ್ ಸೆಂಟರಿನ ಬ್ರೌಸರ್ ಹಿಸ್ಟರಿಯಲ್ಲಿ, ಸರ್ವರಿನ ದಿನಚರಿಯಲ್ಲಿ, ವಾಟ್ಸ್‌ಆ್ಯಪಿಗೆ ಹಾಕಿದ ಸ್ಕ್ರೀನ್‌ಶಾಟಿನಲ್ಲಿ ಶಾಶ್ವತವಾಗಿ ನೆಲೆಸುತ್ತವೆ. ಹಂಚಬೇಕಾದ್ದನ್ನು ಬಚ್ಚಿಟ್ಟು, ಬಚ್ಚಿಡಬೇಕಾದ್ದನ್ನು ಹಂಚುವ ಈ ಪದ್ಧತಿಗೆ ಪಾರದರ್ಶಕ ಆಡಳಿತ ಎಂದು ಹೆಸರು. ಆಧಾರ್ ವಿವರಗಳನ್ನು ಜಗಜ್ಜಾಹೀರು ಮಾಡಿಕೊಂಡು ಕೂತಿದ್ದ ಕೇಂದ್ರ ಮತ್ತು ರಾಜ್ಯ ಸರ್ಕಾರಿ ಜಾಲತಾಣಗಳು ಸುಮಾರು 210 ಎಂದು ಆಧಾರ್ ಪ್ರಾಧಿಕಾರವೇ 2017ರಲ್ಲಿ ಮಾಹಿತಿ ಹಕ್ಕಿನ ಪ್ರಶ್ನೆಯೊಂದಕ್ಕೆ ಉತ್ತರಿಸಿತ್ತು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡವಿದೆ. ವಿಳಾಸದ ಸಾಲು ಕಾಯ್ದೆ ಓದಿಲ್ಲ.

ಮಾಹಿತಿ ಹಕ್ಕು ಎಂದಾಗ ನೆನಪಾಯಿತು. ಆ ಕಾಯ್ದೆಯಡಿ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಇದಕ್ಕಿಂತ ಚುರುಕಾದ ಸೇವೆ ಕೆಲವು ಪೋರ್ಟಲ್ಲುಗಳಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮ ಅರ್ಜಿಯ ಸ್ಥಿತಿ ನೋಡುವಾಗ ವಿಳಾಸದ ಕೊನೆಗೆ ಒಂದು ಸಂಖ್ಯೆ ಇರುತ್ತದೆ. ಅದರಲ್ಲಿ ಒಂದು ಅಂಕಿ ತಪ್ಪಿ ಬಿದ್ದರೆ ಪಕ್ಕದ ಮನೆಯವನ ಆದಾಯ, ಜಾತಿ, ಬ್ಯಾಂಕ್ ಖಾತೆ ಎಲ್ಲವೂ ಪ್ರತ್ಯಕ್ಷ. ಕೇಳುತ್ತಿರುವವನು ಯಾರು, ಇದನ್ನು ನೋಡುವ ಹಕ್ಕು ಅವನಿಗಿದೆಯೆ ಎಂದು ಸರ್ವರಿನ ಕಡೆಯಿಂದ ವಿಚಾರಿಸಬೇಕು ಎಂಬುದನ್ನು ಬರೆದವರು ಮರೆತಿರುತ್ತಾರೆ. ಜಗತ್ತಿನ ಜಾಲ ಭದ್ರತೆಯವರು ಮಾಡುವ ಓವಾಸ್ಪ್ ಪಟ್ಟಿಯಲ್ಲಿ 2021ರಲ್ಲಿ ಮೊದಲ ಸ್ಥಾನ ಪಡೆದ ದೋಷ ಈ ಜಾತಿಯದೇ. ಆದರೆ ಕುತೂಹಲಕ್ಕೂ ಅಂಕಿ ಬದಲಿಸಿ ನೋಡಬೇಡಿ. ಬದಲಿಸಿದವನಿಗೆ ಐಟಿ ಕಾಯ್ದೆ 2000. ಬಾಗಿಲಿಗೆ ಚಿಲಕ ಇಡದವನಿಗೆ ಮುಂದಿನ ಟೆಂಡರ್.

ಹಣ ಕಟ್ಟಿದ ಮೇಲೆ ಬರುವ ‘ಬ್ಯಾಕ್ ಒತ್ತಬೇಡಿ, ರಿಫ್ರೆಶ್ ಮಾಡಬೇಡಿ’ ಎಂಬ ಎಚ್ಚರಿಕೆಯೂ ಇದೇ ವಂಶದ್ದು. ಫಾರಂ ಸ್ವೀಕರಿಸಿದ ಕೂಡಲೇ ಬೇರೊಂದು ವಿಳಾಸಕ್ಕೆ ದಾಟಿಸಿಬಿಟ್ಟರೆ ಎಷ್ಟು ಸಲ ರಿಫ್ರೆಶ್ ಮಾಡಿದರೂ ಹಣ ಎರಡನೇ ಸಲ ಹೋಗುವುದಿಲ್ಲ ಎಂದು ಉಪಾಯ ಕಂಡುಹಿಡಿದು ಇಪ್ಪತ್ತು ವರ್ಷ ದಾಟಿತು. ಉಪಾಯಕ್ಕಿಂತ ಎಚ್ಚರಿಕೆ ಬರೆಯುವುದು ಸುಲಭ.

ಹಾಗಾದರೆ ಕೆಲಸ ನಡೆಯುತ್ತಿರುವುದು ಹೇಗೆ? ನಡೆಯುತ್ತಿದೆ, ಕುಷ್ಟಗಿಯ ಕಂಪ್ಯೂಟರ್ ಸೆಂಟರುಗಳಿಂದ. ಯಾವ ಆರ್‌ಎಫ್‌ಸಿಯನ್ನೂ ಓದದ ಹುಡುಗನೊಬ್ಬ ಅಲ್ಲಿ ಕೂತಿರುತ್ತಾನೆ. ಯಾವ ಚಿಹ್ನೆ ಹಾಕಿದರೆ ಏನು ಮಾಯವಾಗುತ್ತದೆ ಎಂಬುದು ಅವನಿಗೆ ಬೆರಳ ತುದಿಯಲ್ಲಿದೆ. ‘ಮನಿ ನಂಬರಿಗೆ ಹ್ಯಾಶ್ ಹಾಕಬ್ಯಾಡ್ರಿ.’ ‘ರಕ್ತ ಓ ಪಾಸಿಟಿವ್ ಅಂತ ಅಕ್ಷರದಾಗ ಬರೀರಿ.’ ‘ಆ್ಯಂಡ್ ಅನ್ನೋದನ್ನ ಉದ್ದಕ ಬರೀಬೇಕ್ರಿ, ಸೊಟ್ಟ ಚಿಹ್ನೆ ನಡಿಯಂಗಿಲ್ಲ.’ ‘ಕನ್ನಡ ಗುಂಡಿ ಒತ್ತಬ್ಯಾಡ್ರಿ, ತುಂಬಿದ್ದೆಲ್ಲ ಹೊಕ್ಕೈತಿ.’ ಬೆಂಗಳೂರಿನಲ್ಲಿ ಕೋಟಿಗಟ್ಟಲೆ ಕೊಟ್ಟು ಬರೆಸಿದ ತಂತ್ರಾಂಶದಲ್ಲಿ ಇರಬೇಕಾಗಿದ್ದ ಒಂದೆರಡು ಸಾಲುಗಳು ಹುಡುಗನ ರೂಪ ತಾಳಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಅರ್ಜಿಗೆ ಇಷ್ಟೆಂದು ಕಾಸು ಪಡೆಯುತ್ತವೆ. ಇಡೀ ಇ-ಆಡಳಿತದಲ್ಲಿ ಎನ್‌ಕೋಡಿಂಗ್ ಸರಿಯಾಗಿ ನಡೆಯುತ್ತಿರುವ ಒಂದೇ ಜಾಗ ಅವನ ತಲೆ.

ಮೊನ್ನೆ ಹನುಮಸಾಗರದಿಂದ ಒಂದು ಕುಟುಂಬ ಅವನಲ್ಲಿಗೆ ಬಂದಿತ್ತು, ಕೂಸಿನ ಹೆಸರು ದಾಖಲಿಸಲು. ಗವಿಸಿದ್ಧೇಶ ಎಂದು ಅಜ್ಜಿಯ ಹರಕೆ. ಹುಡುಗ ಕೀಲಿಮಣೆಯಿಂದ ಕೈ ತೆಗೆದು ಯೋಚಿಸಿದ. ‘ಒತ್ತು ಐತಿ, ಮ್ಯಾಲೆ ಉದ್ದನ ಏತ್ವ. ಅದು ಎರಡು ನಮೂನಿ ಬೀಳ್ತೈತ್ರಿ ಯಜ್ಜಿ. ಮುಂದ ಶಾಲಿ ಪೋರ್ಟಲ್ಲಿಗೂ ರೇಷನ್ ಪೋರ್ಟಲ್ಲಿಗೂ ತಾಳಿ ಆಗಂಗಿಲ್ಲ. ಮೂವತ್ತು ಪರ್ಸೆಂಟ್ ಆಗತೈತಿ.’ ಮತ್ತೇನಿಡೋಣ ಎಂದರು. ‘ಬಸವ ಅಂತ ಇಡ್ರಿ. ಮೂರಽ ಅಕ್ಷರ, ಕೊಂಬಿಲ್ಲ ಬಾಲಿಲ್ಲ. ಒಂಬತ್ತು ಪರ್ಸೆಂಟಿನ್ಯಾಗ ಮುಗೀತೈತಿ.’ ಅಜ್ಜಿ ಮಗನ ಮುಖ ನೋಡಿದಳು, ಮಗ ಹೆಂಡತಿಯ ಮುಖ ನೋಡಿದ. ಕಡೆಗೆ ಮನೆಯಲ್ಲಿ ಗವಿಸಿದ್ಧೇಶ, ಸರ್ವರಿನಲ್ಲಿ ಬಸವ ಎಂದು ಒಪ್ಪಂದವಾಯಿತು. ಹುಡುಗ ಒಂದೊಂದೇ ಕಲಂ ತುಂಬಿ, ಎರಡು ಸಲ ಓದಿ, ಉಸಿರು ಬಿಗಿಹಿಡಿದು ಸಬ್ಮಿಟ್ ಒತ್ತಿದ. ರಸೀದಿ ಬಂತು. ಹೆಸರು ಬಸವ, ಅಕ್ಷರ ಒಂದೂ ತಪ್ಪಿಲ್ಲ. ತಾಲ್ಲೂಕು ಗಂಗಾವತಿ.